ಬಂಡಿ ತಿಂಡಿ: ಬಳ್ಳಾರಿ–ರಾಯದುರ್ಗ ಗಡಿ ಸೀಮೆ

ಬಂಡಿ ತಿಂಡಿ ಎಂದರೆ ಬಳ್ಳಾರಿ, ಡಿ. ಹಿರೇಹಾಳ್, ರಾಯದುರ್ಗಗಳ ಕನ್ನಡ–ತೆಲುಗು ಗಡಿ ಸೀಮೆಯಲ್ಲಿ ತಳ್ಳುಬಂಡಿ, ಚಪ್ಪರದಂಗಡಿ ಮತ್ತು ಸಂತೆಯ ನೆಲದಂಗಡಿಗಳಲ್ಲಿ ಗಿರಾಕಿಯ ಕಣ್ಣೆದುರೇ ಮಾಡಿ ಬಿಸಿಬಿಸಿಯಾಗಿ ಮಾರುವ, ಬಹುಮಟ್ಟಿಗೆ ನಿಂತುಕೊಂಡೇ ತಿನ್ನುವ ಆಹಾರ. ಮಂಡಕ್ಕಿಯ ಒಗ್ಗರಣೆ ಮತ್ತು ಮೆಣಸಿನಕಾಯಿಯ ಮಿರ್ಚಿ ಇದರ ಜೋಡಿ ಮುಖ್ಯ ತಿನಿಸುಗಳು. ಬೆಳಗಿನ ಉಪಾಹಾರವಾಗಿಯೂ ಸಂಜೆಯ ತಿಂಡಿಯಾಗಿಯೂ ಸಲ್ಲುವ ಈ ಜೋಡಿಗೆ ಕರ್ನಾಟಕದ ಕಡೆ ‘ಒಗ್ಗರಣಿ ಮಿರ್ಚಿ’ ಎಂದೂ ಆಂಧ್ರಪ್ರದೇಶದ ಕಡೆ ‘ಉಗ್ಗಾಣಿ ಬಜ್ಜಿ’ ಎಂದೂ ಹೆಸರು. ತಟ್ಟೆಯಲ್ಲಿರುವುದು ಎರಡೂ ಕಡೆ ಒಂದೇ.

ವ್ಯಾಪ್ತಿ

ಡಿ. ಹಿರೇಹಾಳ್ ಆಂಧ್ರಪ್ರದೇಶದ ಅನಂತಪುರ ಜಿಲ್ಲೆಯ ಮಂಡಲ ಕೇಂದ್ರ. ಬಳ್ಳಾರಿಯಿಂದ ಚಳ್ಳಕೆರೆಯತ್ತ ಹೊರಟ ರಾಷ್ಟ್ರೀಯ ಹೆದ್ದಾರಿ 150ಎ ಕರ್ನಾಟಕವನ್ನು ಬಿಟ್ಟು, ಓಬಳಾಪುರ, ಹಿರೇಹಾಳ್‌ಗಳನ್ನು ಹಾದು, ಮೊಳಕಾಲ್ಮುರು ತಾಲ್ಲೂಕಿನ ರಾಂಪುರದ ಕಡೆ ಮತ್ತೆ ಕರ್ನಾಟಕಕ್ಕೆ ಬರುತ್ತದೆ. ಕೆಲವೇ ಮೈಲಿಗಳಲ್ಲಿ ಎರಡು ಸಲ ರಾಜ್ಯ ಬದಲಾಗುವ ಈ ದಾರಿಯಲ್ಲಿ ಅಂಗಡಿಗಳ ಫಲಕಗಳ ಲಿಪಿ ಬದಲಾದರೂ ಬಂಡಿಯ ಮೇಲಿನ ಬಾಣಲೆ ಬದಲಾಗುವುದಿಲ್ಲ. ಇಲ್ಲಿಯ ಜನ ಮನೆಯಲ್ಲಿ ಕನ್ನಡ, ಕಚೇರಿಯಲ್ಲಿ ತೆಲುಗು, ಸಂತೆಯಲ್ಲಿ ಎರಡನ್ನೂ ಆಡುತ್ತಾರೆ. ಗಡಿ ಮಂಡಲಗಳಲ್ಲಿ ಕನ್ನಡ ಮಾಧ್ಯಮದ ಸರ್ಕಾರಿ ಶಾಲೆಗಳೂ ಇವೆ.

ಇದೇ ಬಗೆಯ ತಿಂಡಿ ಉತ್ತರಕ್ಕೆ ಸಿರುಗುಪ್ಪ, ಆದೋನಿ, ರಾಯಚೂರುಗಳವರೆಗೂ ಪಶ್ಚಿಮಕ್ಕೆ ಹೊಸಪೇಟೆ, ಕೊಪ್ಪಳಗಳವರೆಗೂ ಪೂರ್ವಕ್ಕೆ ಗುಂತಕಲ್ಲು, ಅನಂತಪುರ, ಕರ್ನೂಲುಗಳವರೆಗೂ ಹಬ್ಬಿದೆ. ದಕ್ಷಿಣದಲ್ಲಿರುವ ಮಡಕಶಿರಾ, ಅಗಳಿ, ರೊಳ್ಳ, ಅಮರಾಪುರಗಳ ಕನ್ನಡ ಸೀಮೆ ಶಿರಾ, ಪಾವಗಡ, ಹಿಂದೂಪುರಗಳ ಕಡೆಗೆ ಮುಖ ಮಾಡಿದ್ದು, ಅಲ್ಲಿಯ ರುಚಿ ಬಯಲುಸೀಮೆಯ ಮುದ್ದೆ–ಸಾರಿಗೆ ಹತ್ತಿರ. 2022ರ ಏಪ್ರಿಲ್ 4ರಂದು ಜಿಲ್ಲೆಗಳನ್ನು ಮರುವಿಂಗಡಿಸಿದಾಗ ಮಡಕಶಿರಾ ಹೊಸ ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿತು. ರಾಯದುರ್ಗ ಮತ್ತು ಡಿ. ಹಿರೇಹಾಳ್ ಅನಂತಪುರದಲ್ಲೇ ಉಳಿದವು.

ಹೆಸರುಗಳು

ಅಕ್ಕಿಯನ್ನು ಕಾದ ಮರಳಿನಲ್ಲಿ ಅರಳಿಸಿದ ಪದಾರ್ಥಕ್ಕೆ ಕನ್ನಡದಲ್ಲಿ ಇರುವಷ್ಟು ಹೆಸರು ಬಹುಶಃ ಇನ್ನಾವ ತಿನಿಸಿಗೂ ಇಲ್ಲ. ದಾವಣಗೆರೆ, ಚಿತ್ರದುರ್ಗಗಳಲ್ಲಿ ಅದು ಮಂಡಕ್ಕಿ. ಬಳ್ಳಾರಿ, ರಾಯಚೂರುಗಳಲ್ಲಿ ಮಂಡಾಳು. ಧಾರವಾಡದ ಕಡೆ ಚುರುಮುರಿ. ಮೈಸೂರು, ತುಮಕೂರುಗಳಲ್ಲಿ ಪುರಿ ಅಥವಾ ಕಡ್ಲೆಪುರಿ. ರಾಯಲಸೀಮೆಯ ತೆಲುಗಿನಲ್ಲಿ ಅದು ಬೊರುಗುಲು. ನೆನೆಸಿ ಒಗ್ಗರಣೆ ಹಾಕಿದ ಮಂಡಕ್ಕಿಯನ್ನು ಕಲಬುರಗಿ, ವಿಜಯಪುರಗಳಲ್ಲಿ ‘ಸುಸಲಾ’ ಎನ್ನುತ್ತಾರೆ. ಬಳ್ಳಾರಿ ಸೀಮೆಯಲ್ಲಿ ಅದಕ್ಕೆ ಬೇರೆ ಹೆಸರು ಬೇಕಾಗಲಿಲ್ಲ. ಸಾಸಿವೆ ಸಿಡಿಸುವ ಕ್ರಿಯೆಗೆ ಇರುವ ‘ಒಗ್ಗರಣೆ’ ಎಂಬ ಮಾತೇ ಇಡೀ ತಿನಿಸಿನ ಹೆಸರಾಗಿ ನಿಂತಿತು. ಹೀಗಾಗಿ ಬೇರೆ ಊರಿನಿಂದ ಬಂದವರಿಗೆ ‘ಒಗ್ಗರಣಿ ತಿಂದ್ರಾ?’ ಎಂಬ ಪ್ರಶ್ನೆ ಮೊದಲ ಸಲ ಅರ್ಥವಾಗುವುದಿಲ್ಲ. ತೆಲುಗಿನ ‘ಉಗ್ಗಾಣಿ’ಗೂ ಕನ್ನಡದ ‘ಒಗ್ಗರಣೆ’ಗೂ ಇರುವ ಧ್ವನಿಸಾಮ್ಯ ಯಾರ ಕಿವಿಗೂ ಬೀಳುವಂಥದು.

‘ಮಿರ್ಚಿ’ಯ ಮೂಲ ಸಂಸ್ಕೃತದ ‘ಮರೀಚ’. ಅದು ಕರಿಮೆಣಸಿನ ಹೆಸರು. ಕನ್ನಡದ ‘ಮೆಣಸಿನಕಾಯಿ’ಯೂ ‘ಮೆಣಸು’ ಎಂಬ ಹಳೆಯ ಮಾತಿನ ಮೇಲೆ ಕಟ್ಟಿದ ಹೊಸ ಮಾತು. ಹೊರಗಿನಿಂದ ಬಂದ ಕಾಯಿಗೆ ಎರಡೂ ಭಾಷಾ ಪರಂಪರೆಗಳು ತಮ್ಮಲ್ಲಿದ್ದ ಖಾರದ ಹೆಸರನ್ನೇ ಕೊಟ್ಟವು. ಈ ಸೀಮೆಯಲ್ಲಿ ‘ಮಿರ್ಚಿ’ ಎಂದರೆ ಹಸಿ ಕಾಯಿಯಲ್ಲ, ಕಡಲೆಹಿಟ್ಟಿನಲ್ಲಿ ಅದ್ದಿ ಕರಿದ ತಿನಿಸು ಮಾತ್ರ. ಹಸಿಯದು ಮೆಣಸಿನಕಾಯಿ.

ಹಿನ್ನೆಲೆ

ಸಂತೆ, ಪೇಟೆಗಳಲ್ಲಿ ತಿನಿಸು ಮಾರುವ ರೂಢಿ ಈ ನೆಲದಲ್ಲಿ ಹಳೆಯದು. ಬಳ್ಳಾರಿಯಿಂದ ಸುಮಾರು 60 ಕಿ.ಮೀ. ದೂರದ ಹಂಪಿಯಲ್ಲಿ ವಿರೂಪಾಕ್ಷ ಬಜಾರು, ಕೃಷ್ಣ ಬಜಾರುಗಳ ಕಲ್ಲಿನ ಮಂಟಪಸಾಲು ಈಗಲೂ ನಿಂತಿದೆ. 1520ರ ಹೊತ್ತಿಗೆ ವಿಜಯನಗರವನ್ನು ಕಂಡ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್ ಅಲ್ಲಿಯ ಸಂತೆಗಳನ್ನೂ ಅವುಗಳಲ್ಲಿ ಮಾರುತ್ತಿದ್ದ ಧಾನ್ಯ, ಹಣ್ಣು, ಹಕ್ಕಿ, ಮಾಂಸಗಳನ್ನೂ ವಿವರವಾಗಿ ಬಣ್ಣಿಸಿದ್ದಾನೆ. ಕನ್ನಡ ನಾಡಿನ ಅಡುಗೆ ಬರಹ ಅದಕ್ಕಿಂತಲೂ ಹಿಂದಿನದು. ಎರಡನೆಯ ಚಾವುಂಡರಾಯನ ‘ಲೋಕೋಪಕಾರ’ (ಸುಮಾರು 1025), ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನ ಸಂಸ್ಕೃತ ಕೃತಿ ‘ಮಾನಸೋಲ್ಲಾಸ’ (ಸುಮಾರು 1130), ಮೂರನೆಯ ಮಂಗರಸನ ‘ಸೂಪಶಾಸ್ತ್ರ’ (ಸುಮಾರು 1508) ಈ ಮೂರರಲ್ಲೂ ಅಡುಗೆಯ ಪ್ರಸ್ತಾಪ ವಿಪುಲವಾಗಿದೆ. ಆದರೆ ಇವುಗಳಲ್ಲಿ ಮೆಣಸಿನಕಾಯಿ ಇಲ್ಲ. ಅದು ಅಮೆರಿಕ ಖಂಡದ ಬೆಳೆ. 16ನೇ ಶತಮಾನದಲ್ಲಿ ಪೋರ್ಚುಗೀಸರ ಮೂಲಕ ಗೋವೆಯ ದಾರಿಯಾಗಿ ಒಳನಾಡಿಗೆ ಬಂತು. ಮಿರ್ಚಿ ಕರಿಯುವ ಎಣ್ಣೆಯನ್ನು ಕೊಡುವ ಶೇಂಗಾ ಕೂಡ ದಕ್ಷಿಣ ಅಮೆರಿಕದ ಮೂಲದ್ದೇ. ಇಂದು ಈ ಸೀಮೆಯ ಗುರುತು ಎನಿಸಿರುವ ತಿನಿಸು ಕೃಷ್ಣದೇವರಾಯನ ಕಾಲದ ಬೀದಿಗಳಲ್ಲಿ ಇರಲು ಸಾಧ್ಯವಿರಲಿಲ್ಲ.

ಕಚ್ಚಾ ಪದಾರ್ಥಗಳೆಲ್ಲ ಕೈಯಳತೆಯಲ್ಲಿ ಸಿಗತೊಡಗಿದ್ದು ಇನ್ನೂ ಈಚೆಗೆ. ವರ್ಷಕ್ಕೆ ಸುಮಾರು 550 ಮಿ.ಮೀ. ಮಳೆಯಷ್ಟೇ ಕಾಣುವ ಅನಂತಪುರ ಜಿಲ್ಲೆಯ ಕೆಂಪು ಮಣ್ಣಿನಲ್ಲಿ 20ನೇ ಶತಮಾನದಲ್ಲಿ ಶೇಂಗಾ ಮುಖ್ಯ ಬೆಳೆಯಾಯಿತು. ಜಿಲ್ಲೆ ದೇಶದ ದೊಡ್ಡ ಶೇಂಗಾ ಸೀಮೆಗಳಲ್ಲಿ ಒಂದೆನಿಸಿತು. 1953ರಲ್ಲಿ ತುಂಗಭದ್ರಾ ಅಣೆಕಟ್ಟು ಮುಗಿದ ಮೇಲೆ ಕಾಲುವೆಯ ನೀರು ಹರಿದ ಗಂಗಾವತಿ, ಸಿರುಗುಪ್ಪಗಳು ಭತ್ತದ ಕಣಜಗಳಾದವು. ಎರೆ ಮಣ್ಣಿನಲ್ಲಿ ಕಡಲೆ ಮತ್ತು ಮೆಣಸಿನಕಾಯಿ ಬೆಳೆಯುತ್ತಲೇ ಇದ್ದವು. ಭತ್ತದಿಂದ ಮಂಡಾಳು, ಕಡಲೆಯಿಂದ ಹಿಟ್ಟು ಮತ್ತು ಪುಟಾಣಿ (ಹುರಿಗಡಲೆ), ಶೇಂಗಾದಿಂದ ಎಣ್ಣೆ, ಹೊಲದ ಬದುವಿನ ಮರದಿಂದ ಹುಣಸೆ: ಒಂದು ಪ್ಲೇಟ್ ಒಗ್ಗರಣೆ–ಮಿರ್ಚಿಯಲ್ಲಿ ಈ ಸೀಮೆಯ ಬೇಸಾಯವೆಲ್ಲ ಇದೆ.

ಆಡಳಿತದ ಗಡಿ ಬಂದದ್ದೂ ಅಣೆಕಟ್ಟು ಮುಗಿದ 1953ರಲ್ಲೇ. 1800ರಲ್ಲಿ ನಿಜಾಮನು ಇಂಗ್ಲಿಷ್ ಕಂಪನಿಗೆ ಬಿಟ್ಟುಕೊಟ್ಟ ‘ದತ್ತ ಮಂಡಲ’ಗಳಲ್ಲಿ ಬಳ್ಳಾರಿಯೂ ಅನಂತಪುರವೂ ಒಟ್ಟಿಗಿದ್ದವು, ಅನಂತಪುರ ಜಿಲ್ಲೆ ಬಳ್ಳಾರಿಯಿಂದ ಒಡೆದದ್ದು 1882ರಲ್ಲಿ. ರಾಯದುರ್ಗ ಆಮೇಲೂ ಬಳ್ಳಾರಿ ಜಿಲ್ಲೆಯ ತಾಲ್ಲೂಕಾಗಿಯೇ ಉಳಿಯಿತು. 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯ ಹುಟ್ಟಿದಾಗ ಬಳ್ಳಾರಿ ಜಿಲ್ಲೆಯ ಆದೋನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಆ ಕಡೆಗೆ ಹೋದವು. ಉಳಿದವು ಮೈಸೂರು ರಾಜ್ಯಕ್ಕೆ ಸೇರಿದವು. ಬೀಗರು, ಸಂತೆ, ಆಸ್ಪತ್ರೆ, ಕಿರಾಣಿ ಸಗಟು ವ್ಯಾಪಾರ ಯಾವುದೂ ಆ ಗೆರೆಯನ್ನು ಕೇಳಿ ನಡೆಯಲಿಲ್ಲ. ಸುಮಾರು 50 ಕಿ.ಮೀ. ದೂರದ ರಾಯದುರ್ಗದವರಿಗೂ ಅದಕ್ಕಿಂತ ಸಮೀಪದ ಹಿರೇಹಾಳಿನವರಿಗೂ ಬಳ್ಳಾರಿಯೇ ದೊಡ್ಡ ಪೇಟೆಯಾಗಿ ಉಳಿಯಿತು. ಬಂಡಿ ತಿಂಡಿಯ ರುಚಿ ಎರಡೂ ಕಡೆ ಒಂದಾಗಿ ಉಳಿದಿರುವುದಕ್ಕೆ ಮುಖ್ಯ ಕಾರಣ ಈ ದಿನನಿತ್ಯದ ಓಡಾಟ.

ಬಂಡಿಯ ರಚನೆ

ನಾಲ್ಕು ಗಾಲಿಯ ಮೇಲೆ ಮರದ ಹಲಗೆ ಅಥವಾ ತಗಡು ಹೊದಿಸಿದ ಕಬ್ಬಿಣದ ಚೌಕಟ್ಟು, ಮೇಲೆ ತಗಡಿನ ಇಲ್ಲವೇ ತಾಡಪಾಲಿನ ಮಾಡು. ಒಂದು ತುದಿಯಲ್ಲಿ ಒಲೆ; ಹಿಂದೆ ಪಂಪು ಹೊಡೆಯುವ ಸೀಮೆಎಣ್ಣೆ ಸ್ಟೌ ಇತ್ತು, ಈಗ ಗ್ಯಾಸ್. ಒಲೆಯ ಮೇಲೆ ಅಗಲವಾದ ಕಬ್ಬಿಣದ ಬಾಣಲೆ. ಗಾಳಿ ಬೀಸುವ ದಿಕ್ಕಿಗೆ ತಗಡಿನ ತಡಿಕೆ. ನಡುವೆ ಒಗ್ಗರಣೆಯ ದೊಡ್ಡ ಪಾತ್ರೆ, ಅದರ ಪಕ್ಕದಲ್ಲೇ ಪುಟಾಣಿ ಪುಡಿಯ ಡಬ್ಬಿ, ಹೆಚ್ಚಿದ ಈರುಳ್ಳಿ, ಹೋಳು ಮಾಡಿದ ನಿಂಬೆ. ಕೆಳಗಿನ ಅಂತಸ್ತಿನಲ್ಲಿ ಮಂಡಾಳಿನ ಚೀಲ, ನೀರಿನ ಕೊಡ, ಎಣ್ಣೆಯ ಡಬ್ಬಿ.

ಸಾಮಾನ್ಯವಾಗಿ ಒಂದು ಬಂಡಿಗೆ ಎರಡು ಜೊತೆ ಕೈ ಬೇಕು. ಒಬ್ಬರು ಬಾಣಲೆಯ ಮುಂದೆ, ಇನ್ನೊಬ್ಬರು ತಟ್ಟೆ ಹಾಕಿ ದುಡ್ಡು ತೆಗೆದುಕೊಳ್ಳಲು. ಬಹಳ ಕಡೆ ಅವರು ಗಂಡ ಹೆಂಡತಿ, ಇಲ್ಲವೇ ತಾಯಿ ಮಗ. ಬೀದಿಯಲ್ಲಿ ಕಾಣುವುದು ದುಡಿಮೆಯ ಅರ್ಧ ಭಾಗ ಮಾತ್ರ. ಈರುಳ್ಳಿ ಹೆಚ್ಚುವುದು, ಪುಟಾಣಿ ಮತ್ತು ಒಣಕೊಬ್ಬರಿಯನ್ನು ಪುಡಿ ಮಾಡುವುದು, ಮೆಣಸಿನಕಾಯಿ ಆರಿಸಿ ತೊಳೆದು ಒರೆಸುವುದು, ಹುಣಸೆಹಣ್ಣು ನೆನೆಸಿ ಕಿವುಚುವುದು ಇವೆಲ್ಲ ಮನೆಯಲ್ಲೇ ಮುಗಿದಿರುತ್ತವೆ. ಆ ಕೆಲಸದ ಬಹುಪಾಲು ಹೆಂಗಸರದು. ಲೆಕ್ಕಕ್ಕೆ ಬಾರದ ಕೆಲಸವೂ ಅದೇ.

ಒಗ್ಗರಣೆ

ಮಂಡಾಳು ತಯಾರಾಗುವುದು ಭಟ್ಟಿಯಲ್ಲಿ. ಭತ್ತವನ್ನು ಬಿಸಿನೀರಿನಲ್ಲಿ ನೆನೆಸಿ, ಹುರಿದು, ಒಣಗಿಸಿ, ಹೊಟ್ಟು ತೆಗೆಯುತ್ತಾರೆ. ಹಾಗೆ ಬಂದ ಅಕ್ಕಿಗೆ ಉಪ್ಪುನೀರು ಹಿಡಿಸಿ ಮತ್ತೆ ಒಣಗಿಸಿ, ಸುಮಾರು 250 ಡಿಗ್ರಿ ಸೆಲ್ಸಿಯಸ್ ಕಾದ ಮರಳಿಗೆ ಸುರಿದರೆ ಕೆಲವೇ ಸೆಕೆಂಡುಗಳಲ್ಲಿ ಕಾಳಿನೊಳಗಿನ ತೇವ ಹಬೆಯಾಗಿ ಅಕ್ಕಿ ಹಲವು ಪಟ್ಟು ಅರಳುತ್ತದೆ. ದಾವಣಗೆರೆಯ ಮಂಡಕ್ಕಿ ಭಟ್ಟಿಗಳು ಈ ಉದ್ಯಮಕ್ಕೆ ನಾಡಿನಲ್ಲೇ ಹೆಸರಾದವು. ಮಂಡಾಳನ್ನು ತೂಕಕ್ಕಿಂತ ಸೇರಿನ ಲೆಕ್ಕದಲ್ಲಿ ಅಳೆದು ಮಾರುವುದು ಹಳೆಯ ರೂಢಿ. ಗಾತ್ರ ದೊಡ್ಡದು, ತೂಕ ಹಗುರ; ಆದ್ದರಿಂದ ಕಡಿಮೆ ಬಂಡವಾಳದಲ್ಲಿ ಬಂಡಿ ತುಂಬುತ್ತದೆ.

ಬಂಡಿಯಲ್ಲಿ ಮಾಡುವ ಕ್ರಮ ಹೀಗೆ. ಮಂಡಾಳನ್ನು ನೀರು ತುಂಬಿದ ಅಗಲದ ಪಾತ್ರೆಗೆ ಸುರಿದು, ತೇಲಿ ನಿಂತದ್ದನ್ನು ಅಂಗೈಯಿಂದ ಒಂದೆರಡು ಸಲ ಒತ್ತಿ ಮುಳುಗಿಸುತ್ತಾರೆ. ನೀರು ಕುಡಿದ ಕೂಡಲೇ ಎರಡು ಕೈಯಲ್ಲಿ ಬಾಚಿ ತೆಗೆದು ಹಿಂಡುತ್ತಾರೆ. ಈ ಹಿಂಡುವಿಕೆಯೇ ಕಸುಬು. ಹೆಚ್ಚು ಹೊತ್ತು ನೀರಿನಲ್ಲಿ ಬಿಟ್ಟರೆ ಮುದ್ದೆಯಾಗುತ್ತದೆ. ಬೇಗ ತೆಗೆದರೆ ಒಳಗೆ ಗರಿ ಉಳಿದು ಗಂಟಲಿಗೆ ಒತ್ತುತ್ತದೆ. ಸರಿಯಾಗಿ ಹಿಂಡಿದ ಮಂಡಾಳು ಪಾತ್ರೆಗೆ ಬಿದ್ದಾಗ ಕಾಳು ಕಾಳಾಗಿ ಬಿಡಿಸಿಕೊಳ್ಳುತ್ತದೆ, ಮುಟ್ಟಿದರೆ ಒದ್ದೆ ಬಟ್ಟೆಯಷ್ಟು ತಂಪಾಗಿರುತ್ತದೆ.

ಇನ್ನೊಂದು ಕಡೆ ಎಣ್ಣೆಯಲ್ಲಿ ಸಾಸಿವೆ, ಜೀರಿಗೆ, ಕಡಲೆಬೇಳೆ, ಶೇಂಗಾ, ಕರಿಬೇವು, ಸೀಳಿದ ಹಸಿಮೆಣಸಿನಕಾಯಿ, ಧಾರಾಳವಾಗಿ ಈರುಳ್ಳಿ ಹಾಕಿ ಬಾಡಿಸುತ್ತಾರೆ. ಅರಿಸಿನ, ಉಪ್ಪು, ಹುಣಸೆ ರಸ ಸೇರುತ್ತವೆ. ಕೆಲವರು ಟೊಮೆಟೊ ಹಾಕುತ್ತಾರೆ, ಹುಣಸೆಯ ಬದಲು ಕೊನೆಗೆ ನಿಂಬೆ ಹಿಂಡುವವರೂ ಇದ್ದಾರೆ. ಹಿಂಡಿದ ಮಂಡಾಳು ಬಿದ್ದ ಮೇಲೆ ಒಲೆಯನ್ನು ಸಣ್ಣ ಮಾಡಿ ಅಡಿಯಿಂದ ಎತ್ತಿ ಎತ್ತಿ ಕಲಸುತ್ತಾರೆ. ಬಿಳಿಯದು ಒಂದೂ ಉಳಿಯದಂತೆ ಹಳದಿ ಹತ್ತಿದರೆ ಆಯಿತು. ತಟ್ಟೆಗೆ ಹಾಕಿದ ಮೇಲೆ ಬೀಳುವ ಪುಟಾಣಿ ಪುಡಿಯನ್ನು ತೆಲುಗಿನಲ್ಲಿ ಪಪ್ಪುಲ ಪೊಡಿ ಎನ್ನುತ್ತಾರೆ. ಹುರಿಗಡಲೆ, ಒಣಕೊಬ್ಬರಿ, ಬೆಳ್ಳುಳ್ಳಿ, ಒಣಮೆಣಸಿನಕಾಯಿ, ಉಪ್ಪು ಅರೆದ ಈ ಪುಡಿ ಒಗ್ಗರಣೆಯ ಒದ್ದೆಯನ್ನು ಹೀರಿಕೊಂಡು ಪ್ರತಿ ಕಾಳಿಗೂ ಅಂಟುತ್ತದೆ. ಅವಲಕ್ಕಿಗೂ ಚಿತ್ರಾನ್ನಕ್ಕೂ ಇಲ್ಲದ ಗುಣ ಒಗ್ಗರಣೆಗೆ ಬರುವುದು ಇದರಿಂದಲೇ.

ಮಿರ್ಚಿ

ಉದ್ದನೆಯ, ತಿಳಿ ಹಸಿರು ಕಾಯಿಗಳನ್ನು ತೊಟ್ಟು ಉಳಿಸಿ ಉದ್ದಕ್ಕೆ ಸೀಳುತ್ತಾರೆ. ತೊಟ್ಟು ಹಿಟ್ಟಿನಲ್ಲಿ ಅದ್ದಲು ಹಿಡಿ, ತಿನ್ನುವವರಿಗೂ ಅದೇ ಹಿಡಿ. ಸೀಳಿನೊಳಗೆ ಉಪ್ಪು, ಜೀರಿಗೆ, ಓಂಕಾಳು, ಹುಣಸೆಹಣ್ಣು ಅರೆದ ಮಸಾಲೆ ಸವರುತ್ತಾರೆ. ಖಾರದ ಅಂಶವಾದ ಕ್ಯಾಪ್ಸೈಸಿನ್ ಹೆಚ್ಚಾಗಿ ಇರುವುದು ಬೀಜದಲ್ಲಲ್ಲ, ಬೀಜ ಅಂಟಿಕೊಂಡಿರುವ ಬಿಳಿ ತಿರುಳಿನಲ್ಲಿ. ಅದನ್ನು ಕೆರೆದು ತೆಗೆದರೆ ಕಾಯಿ ಸಪ್ಪೆಯಾಗುತ್ತದೆ, ಬಿಟ್ಟರೆ ಕಣ್ಣಲ್ಲಿ ನೀರು. ಮೈಸೂರಿನ ಕಡೆ ಬಜ್ಜಿಗೆ ಬಳಸುವ ದಪ್ಪ, ಮೆದು ಕಾಯಿಗಿಂತ ಇಲ್ಲಿಯದು ಖಾರ ಹೆಚ್ಚು. ತಿರುಳನ್ನು ಕೆರೆಯುವ ಪರಿಪಾಠವೂ ಕಡಿಮೆ.

ಕಡಲೆಹಿಟ್ಟಿಗೆ ಉಪ್ಪು, ಓಂಕಾಳು, ಚಿಟಿಕೆ ಸೋಡಾ ಹಾಕಿ ಕಲಸುವ ಹದ ಕೈಯಿಂದಲೇ ಗೊತ್ತಾಗಬೇಕು. ಬೆರಳನ್ನು ಅದ್ದಿ ಎತ್ತಿದರೆ ಉಗುರು ಕಾಣಬಾರದು, ಹಿಟ್ಟು ಎಳೆಯಾಗಿ ಇಳಿಯಬೇಕು, ತೊಟ್ಟಿಕ್ಕಬಾರದು. ಎಣ್ಣೆ ಕಾದಿದೆಯೇ ಎಂದು ನೋಡಲು ಒಂದು ಹನಿ ಹಿಟ್ಟು ಬಿಡುತ್ತಾರೆ. ತಳಕ್ಕೆ ಹೋಗಿ ಕೂತರೆ ಇನ್ನೂ ಕಾಯಬೇಕು. ಬಿದ್ದಲ್ಲೇ ಕಪ್ಪಾದರೆ ಉರಿ ಇಳಿಸಬೇಕು. ಮುಳುಗಿ ತಕ್ಷಣ ಮೇಲೆದ್ದರೆ ಹದ ಸರಿ, ಅಂದರೆ ಹೆಚ್ಚುಕಡಿಮೆ 170ರಿಂದ 180 ಡಿಗ್ರಿ. ಕಾಯಿಯನ್ನು ಹಿಟ್ಟಿನಲ್ಲಿ ಮುಳುಗಿಸಿ, ಪಾತ್ರೆಯ ಅಂಚಿಗೆ ಒಂದು ಮಗ್ಗಲು ಒರೆಸಿ, ಬಾಣಲೆಯ ಬದಿಯಿಂದ ಜಾರಿಸುತ್ತಾರೆ. ಅಂಚಿಗೆ ಒರೆಸಿದ ಕಡೆ ಹಿಟ್ಟು ತೆಳುವಾಗಿ, ಹಸಿರು ಗೆರೆಯೊಂದು ಹೊರಗೆ ಕಾಣುತ್ತದೆ. ಒಂದು ಸಲಕ್ಕೆ ಹತ್ತು ಹದಿನೈದು ಕಾಯಿ. ಮೊದಲು ದೊಡ್ಡ ಗುಳ್ಳೆಗಳ ಸದ್ದು. ಹಿಟ್ಟಿನ ನೀರು ಆರಿದಂತೆ ಸದ್ದು ಸಣ್ಣದಾಗುತ್ತದೆ. ಪಳಗಿದವರು ಬಾಣಲೆಯತ್ತ ನೋಡದೆ, ಗಿರಾಕಿಯೊಡನೆ ಮಾತಾಡುತ್ತಲೇ, ಆ ಸದ್ದಿನ ಮೇಲೆ ತೂತಿನ ಸೌಟು ಕೈಗೆತ್ತಿಕೊಳ್ಳುತ್ತಾರೆ.

ಬಗೆಗಳಲ್ಲಿ ಬರೀ ಮಿರ್ಚಿ ಎಲ್ಲಕ್ಕೂ ಮೂಲ. ಕರಿದ ಮಿರ್ಚಿಯನ್ನು ಸೀಳಿ ಹಸಿ ಈರುಳ್ಳಿ, ಕೊತ್ತಂಬರಿ, ನಿಂಬೆರಸ ತುಂಬಿದ್ದು ಎರಡನೆಯದು. ತುಂಡು ಮಾಡಿ ಎರಡನೇ ಸಲ ಗರಿಗರಿಯಾಗಿ ಕರಿದದ್ದು ‘ಕಟ್ ಮಿರ್ಚಿ’. ಇದು ಆಂಧ್ರದ ಕಡೆಯಿಂದ ಬಂದ ರೂಢಿ. ಅದೇ ಹಿಟ್ಟಿನಲ್ಲಿ ಆಲೂಗಡ್ಡೆ, ಬಾಳೆಕಾಯಿ, ಈರುಳ್ಳಿ ಬಜ್ಜಿಗಳೂ ಬೇಯುತ್ತವೆ.

ಉಳಿದ ತಿನಿಸುಗಳು

ಬೆಳಗಿನ ಬಂಡಿಗಳಲ್ಲಿ ಇಡ್ಲಿ, ವಡೆ, ಪೂರಿ, ಚಿತ್ರಾನ್ನ ಇರುತ್ತವೆ. ಕೆಂಪು ಮೆಣಸಿನಕಾಯಿ, ಈರುಳ್ಳಿ, ಬೆಳ್ಳುಳ್ಳಿ ಅರೆದ ಕಾರವನ್ನು ಕಾವಲಿಯ ಮೇಲೆಯೇ ದೋಸೆಗೆ ಬಳಿದು ಪುಟಾಣಿ ಪುಡಿ ಉದುರಿಸುವ ಕಾರದ ದೋಸೆ ರಾಯಲಸೀಮೆಯ ಗುರುತು. ಬಳ್ಳಾರಿಯಲ್ಲೂ ಅದು ಮನೆಮಾತು. ಅಲಸಂದೆ ವಡೆ ಹಬ್ಬದ ಅಡುಗೆಯಿಂದ ಬೀದಿಗೆ ಬಂದದ್ದು. ಮಧ್ಯಾಹ್ನದ ಊಟಕ್ಕೆ ಬಳ್ಳಾರಿಯ ಕಡೆ ಜೋಳದ ರೊಟ್ಟಿ, ಮಡಕಶಿರಾ ಕಡೆ ರಾಗಿ ಮುದ್ದೆ. ಆದರೆ ಇವು ಖಾನಾವಳಿ, ಮೆಸ್ಸುಗಳ ವಿಷಯ, ಬಂಡಿಯದಲ್ಲ. ಸಂಜೆಯ ಬಂಡಿಗಳಲ್ಲಿ ಪಾನಿಪೂರಿ, ಗೋಬಿ ಮಂಚೂರಿ, ಎಗ್ ರೈಸ್, ಕಬಾಬು ಈಚಿನ ದಶಕಗಳಲ್ಲಿ ಜಾಗ ಪಡೆದಿವೆ.

ಕುಡಿಯಲು ಚಹಾ, ಮಜ್ಜಿಗೆ, ಕಬ್ಬಿನ ಹಾಲು, ಗೋಲಿ ಸೋಡಾ. ಬೇಸಿಗೆಯಲ್ಲಿ ಸೊಗದೆ ಬೇರಿನ ಪಾಕಕ್ಕೆ ನಿಂಬೆ, ಸೋಡಾ ಬೆರೆಸಿದ ನನ್ನಾರಿ ಶರಬತ್ತು ರಾಯಲಸೀಮೆಯ ಎಲ್ಲ ಊರುಗಳಲ್ಲೂ ಸಿಗುತ್ತದೆ. ಮಿರ್ಚಿಯ ಉರಿಗೆ ನೀರಿಗಿಂತ ಮಜ್ಜಿಗೆ ಒಳ್ಳೆಯದೆಂಬ ಹಳ್ಳಿಯ ತಿಳಿವಳಿಕೆಗೆ ಆಧಾರವಿದೆ. ಕ್ಯಾಪ್ಸೈಸಿನ್ ನೀರಿನಲ್ಲಿ ಕರಗುವುದಿಲ್ಲ. ಹಾಲಿನ ಪ್ರೋಟೀನು ಮತ್ತು ಜಿಡ್ಡು ಅದನ್ನು ನಾಲಗೆಯಿಂದ ಬಿಡಿಸುತ್ತವೆ.

ತಿನ್ನುವ ರೀತಿ

ಬಂಡಿಯ ಸುತ್ತ ಸಾಲು ಎಂಬುದಿಲ್ಲ. ಬಂದವರು ಅರ್ಧ ವೃತ್ತವಾಗಿ ನಿಲ್ಲುತ್ತಾರೆ. ಯಾರು ಮೊದಲು ಬಂದರೆಂಬುದು ಬಾಣಲೆಯ ಮುಂದಿನವರಿಗೆ ನೆನಪಿರುತ್ತದೆ. ಕರೆಯುವುದು ಅಣ್ಣ, ಅಕ್ಕ ಎಂದು. ‘ಅಕ್ಕ’ ಎಂಬ ಮಾತು ಕನ್ನಡಕ್ಕೂ ತೆಲುಗಿಗೂ ಒಂದೇ ಆದ್ದರಿಂದ ಗಡಿಯ ಬಂಡಿಯಲ್ಲಿ ‘ಅಕ್ಕಾ, ಒಂದು ಪ್ಲೇಟು, ಪುಡಿ ಜಾಸ್ತಿ’ ಎಂಬ ಮಾತಿನ ಮೊದಲ ಅರ್ಧ ಯಾವ ಭಾಷೆಯದೆಂದು ಹೇಳಲಾಗದು. ತಟ್ಟೆ ಸ್ಟೀಲಿನದು, ಇಲ್ಲವೇ ಅದರ ಮೇಲೆ ಹಾಸಿದ ಎಲೆ ಅಥವಾ ಹಾಳೆ. ಒಗ್ಗರಣೆಯ ಗುಡ್ಡೆ, ಬದಿಗೆ ಎರಡು ಮಿರ್ಚಿ, ಹಸಿ ಈರುಳ್ಳಿ.

ತಿನ್ನುವ ಕ್ರಮ ಇಲ್ಲಿ ಹುಟ್ಟಿದವರಿಗೆ ಹೇಳಿಕೊಡಬೇಕಿಲ್ಲ: ಎರಡು ತುತ್ತು ಒಗ್ಗರಣೆ, ಒಂದು ಕಚ್ಚು ಮಿರ್ಚಿ. ಮಿರ್ಚಿಯ ಖಾರವನ್ನು ಮಂಡಾಳು ತಗ್ಗಿಸುತ್ತದೆ, ಮಂಡಾಳಿನ ಮೆದುವಿಗೆ ಮಿರ್ಚಿಯ ಗರಿ ಜೊತೆಯಾಗುತ್ತದೆ. ನಡುನಡುವೆ ಇನ್ನೊಂದು ಮಿರ್ಚಿ ಕೇಳಿ ಹಾಕಿಸಿಕೊಳ್ಳುವುದುಂಟು. ದುಡ್ಡು ತಿಂದಾದ ಮೇಲೆ. ಎಷ್ಟು ತಿಂದೆವೆಂದು ತಿಂದವರೇ ಹೇಳುತ್ತಾರೆ, ಮಾರುವವರು ಅದನ್ನೇ ಲೆಕ್ಕ ಹಿಡಿಯುತ್ತಾರೆ. ಐವತ್ತು ಜನರ ಗದ್ದಲದಲ್ಲಿ ಚೀಟಿಯಿಲ್ಲದೆ ನಡೆಯುವ ಈ ವ್ಯವಹಾರ ಬಂಡಿ ತಿಂಡಿಯ ಅತ್ಯಂತ ಗಟ್ಟಿಯಾದ ಸಂಪ್ರದಾಯ.

ಒಟ್ಟಿಗೆ ನಿಲ್ಲುವವರು ನಾನಾ ಬಗೆಯವರು. ರಾಯದುರ್ಗ ಮತ್ತು ಬಳ್ಳಾರಿ ಎರಡೂ ಜೀನ್ಸ್ ಹೊಲಿಗೆಗೆ ಹೆಸರಾದ ಊರುಗಳು. ಹೊಲಿಗೆ ಘಟಕಗಳ ಕೆಲಸಗಾರರು, ಲಾರಿ ಚಾಲಕರು, ಮಾರುಕಟ್ಟೆಗೆ ಬಂದ ರೈತರು, ಶಾಲೆ ಬಿಟ್ಟ ಮಕ್ಕಳು ಒಂದೇ ಬಂಡಿಯ ಗಿರಾಕಿಗಳು. ನೂರು ವರ್ಷಗಳ ಹಿಂದೆ ಹೋಟೆಲುಗಳಲ್ಲಿ ಜಾತಿಗೊಂದು ಜಾಗ ಎಂಬ ಪದ್ಧತಿ ದಕ್ಷಿಣ ಭಾರತದಲ್ಲಿ ಬಳಕೆಯಲ್ಲಿತ್ತು. ಹೆಗಲಿಗೆ ಹೆಗಲು ತಾಗಿಸಿ ನಿಲ್ಲದೆ ಬಂಡಿಯ ಮುಂದೆ ತಿನ್ನಲಾಗುವುದಿಲ್ಲ ಎಂಬುದನ್ನು ಈ ಹಿನ್ನೆಲೆಯಲ್ಲಿ ಗಮನಿಸಬೇಕು.

ಸಂತೆ ಮತ್ತು ಜಾತ್ರೆ

ವಾರದ ಸಂತೆಯಲ್ಲಿ ತಿಂಡಿಯಂಗಡಿ ಸಂತೆಯ ಅಂಚಿನಲ್ಲಿ, ಬಸ್ಸು ಇಳಿಯುವ ಕಡೆ ಕೂರುತ್ತದೆ. ಗಾಲಿಯ ಬಂಡಿಯ ಬದಲು ಮೂರು ಕಲ್ಲಿನ ಒಲೆ, ಗೋಣಿತಟ್ಟು, ನಾಲ್ಕು ಗಳುವಿನ ಮೇಲೆ ಹೊದಿಸಿದ ತಾಡಪಾಲು. ಸಂತೆಯಿಂದ ಮನೆಗೆ ಮಕ್ಕಳಿಗಾಗಿ ಒಯ್ಯುವುದು ಬೇರೆ: ಮಂಡಾಳು, ಕಾರಾಸೇವೆ, ಹುರಿದ ಶೇಂಗಾ, ಜಿಲೇಬಿ.

ಜಾತ್ರೆಯ ದಿನಗಳಲ್ಲಿ ಅಂಗಡಿಗಳ ಸಂಖ್ಯೆ ಬೆಳೆಯುತ್ತದೆ. ಡಿ. ಹಿರೇಹಾಳ್ ಮಂಡಲದ ಮುರಡಿ, ಬೊಮ್ಮನಹಾಳ್ ಮಂಡಲದ ನೇಮಕಲ್ಲು, ಗುಂತಕಲ್ಲಿನ ಬಳಿಯ ಕಸಾಪುರ ಈ ಮೂರು ಊರುಗಳ ಆಂಜನೇಯನನ್ನು ಶ್ರಾವಣದಲ್ಲಿ ಒಂದೇ ದಿನ ನೋಡಬೇಕೆಂಬ ನಂಬಿಕೆಯಿಂದ ಎರಡೂ ರಾಜ್ಯಗಳ ಭಕ್ತರು ಸಾಲುಸಾಲಾಗಿ ಬರುತ್ತಾರೆ. ಒಂದೇ ದಿನಕ್ಕೆ ಮೂರು ಊರು ಸುತ್ತಬೇಕಾದವರಿಗೆ ಕೂತು ಉಣ್ಣಲು ಹೊತ್ತಿಲ್ಲ. ದಾರಿಯ ಬಂಡಿಗಳೇ ಅವರಿಗೆ ಅನ್ನದಾತರು. ಜಾತ್ರೆಯಿಂದ ಬೆಂಡು ಬತ್ತಾಸು ತರುವ ರೂಢಿ ಇಲ್ಲೂ ಇದೆ.

ಬೇರೆಡೆಯ ಮಾದರಿಗಳು

ಬೀದಿ ತಿಂಡಿಯನ್ನು ಆಡಳಿತ ಹೇಗೆ ನೋಡಿಕೊಳ್ಳಬಹುದೆಂಬುದಕ್ಕೆ ಆಗ್ನೇಯ ಏಷ್ಯಾದ ಅನುಭವ ಮುಖ್ಯ. ಸಿಂಗಪುರವು 1968–69ರಲ್ಲಿ ತನ್ನ ಬೀದಿ ತಿಂಡಿ ವ್ಯಾಪಾರಿಗಳನ್ನೆಲ್ಲ ನೋಂದಾಯಿಸಿ, 1971ರಿಂದ ನಲ್ಲಿ, ಚರಂಡಿ, ವಿದ್ಯುತ್ತು, ಮೇಜುಗಳಿರುವ ಸೂರಿನಡಿಗೆ ಸಾಗಿಸತೊಡಗಿತು. 1986ರ ಹೊತ್ತಿಗೆ ಆ ಕೆಲಸ ಮುಗಿಯಿತು. ಹಾಕರ್ ಸೆಂಟರ್ ಎಂಬ ಈ ಕಟ್ಟಡಗಳು ಅಲ್ಲಿ ನೂರಕ್ಕೂ ಹೆಚ್ಚು ಇವೆ. ಚೀನೀ, ಮಲಯ, ತಮಿಳು ಅಡುಗೆಗಳು ಅಕ್ಕಪಕ್ಕದಲ್ಲೇ ಬೇಯುತ್ತವೆ. ಗಿರಾಕಿಗಳು ಮೇಜಿನ ಮೇಲೆ ಕಾಗದದ ಕರವಸ್ತ್ರದ ಪೊಟ್ಟಣವಿಟ್ಟು ಜಾಗ ಹಿಡಿದು, ಬೇರೆ ಬೇರೆ ಅಂಗಡಿಗಳಿಂದ ತಂದು ಒಟ್ಟಿಗೆ ತಿನ್ನುತ್ತಾರೆ. 2020ರ ಡಿಸೆಂಬರ್ 16ರಂದು ಯುನೆಸ್ಕೋ ಸಿಂಗಪುರದ ಹಾಕರ್ ಸಂಸ್ಕೃತಿಯನ್ನು ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿತು.

ಕರ್ನಾಟಕದಲ್ಲಿ ಒಂದೇ ಕಡೆ ಒಟ್ಟುಗೂಡಿದ ತಿಂಡಿ ಮಾರುಕಟ್ಟೆಗೆ ಹೆಸರಾದದ್ದು ಬೆಂಗಳೂರಿನ ವಿ.ವಿ. ಪುರದ ತಿಂಡಿ ಬೀದಿ. ಅದು ಯಾರೂ ಯೋಜಿಸಿ ಕಟ್ಟಿದ್ದಲ್ಲ, ತಾನಾಗಿ ಬೆಳೆದದ್ದು. ಬಳ್ಳಾರಿ–ರಾಯದುರ್ಗ ಸೀಮೆಯಲ್ಲಿ ಬಂಡಿಗಳು ಬಸ್ ನಿಲ್ದಾಣ, ರೈಲು ನಿಲ್ದಾಣ, ಸರ್ಕಲ್ಲು, ಸಿನಿಮಾ ಮಂದಿರಗಳ ಮುಂದೆ ಚದುರಿ ನಿಲ್ಲುತ್ತವೆ. ಸಿಂಗಪುರ ಮೊದಲು ಕೊಟ್ಟದ್ದು ನಲ್ಲಿಯನ್ನೂ ಚರಂಡಿಯನ್ನೂ. ಇಲ್ಲಿಯ ಬಂಡಿಗೂ ಮೊದಲು ಬೇಕಾಗಿರುವುದು ಅವೇ.

ಕಾಯಿದೆ ಮತ್ತು ಆರೋಗ್ಯ

ಬೀದಿಬದಿ ವ್ಯಾಪಾರಿಗಳ ಜೀವನೋಪಾಯ ರಕ್ಷಣೆಯ ಕೇಂದ್ರ ಕಾಯಿದೆ 2014ರದು. ಸಮೀಕ್ಷೆಯಾಗುವವರೆಗೆ ವ್ಯಾಪಾರಿಯನ್ನು ಎಬ್ಬಿಸುವಂತಿಲ್ಲ, ಪ್ರತಿ ನಗರ, ಪಟ್ಟಣದಲ್ಲೂ ಪಟ್ಟಣ ವ್ಯಾಪಾರ ಸಮಿತಿ ಇರಬೇಕು, ಅದರಲ್ಲಿ ಕನಿಷ್ಠ ಶೇ. 40ರಷ್ಟು ಸದಸ್ಯರು ವ್ಯಾಪಾರಿಗಳೇ ಆಗಿರಬೇಕು, ಅವರಲ್ಲಿ ಮೂರನೇ ಒಂದು ಭಾಗ ಮಹಿಳೆಯರಿರಬೇಕು ಎಂದು ಅದು ಹೇಳುತ್ತದೆ. 2020ರ ಜೂನ್‌ನಲ್ಲಿ, ಕೋವಿಡ್ ಲಾಕ್‌ಡೌನಿನ ಬೆನ್ನಿಗೇ ಬಂದ ಪಿಎಂ ಸ್ವನಿಧಿ ಯೋಜನೆಯಲ್ಲಿ ಮೊದಲ ಕಂತಿನ ಸಾಲ 2025ರವರೆಗೆ ₹10,000 ಇತ್ತು. ಅದನ್ನು ತೀರಿಸಿದವರಿಗೆ ₹20,000, ಆಮೇಲೆ ₹50,000 ಸಿಗುತ್ತಿತ್ತು. ಆದರೆ ಕಾಯಿದೆಯೂ ಯೋಜನೆಯೂ ರೂಪುಗೊಂಡದ್ದು ನಗರ, ಪಟ್ಟಣಗಳನ್ನು ಕಣ್ಣ ಮುಂದಿಟ್ಟುಕೊಂಡು. ಪುರಸಭೆಯಿರುವ ರಾಯದುರ್ಗದ ಬಂಡಿಗೂ ಗ್ರಾಮ ಪಂಚಾಯಿತಿಯ ಡಿ. ಹಿರೇಹಾಳಿನ ಬಂಡಿಗೂ ಇಲ್ಲಿ ದೊಡ್ಡ ಅಂತರ ಬೀಳುತ್ತದೆ.

ಆಹಾರದ ಗುಣಮಟ್ಟಕ್ಕೆ 2006ರ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಕಾಯಿದೆ ಆಧಾರ. ಸಣ್ಣ ವ್ಯಾಪಾರಿಗಳಿಗೂ ನೋಂದಣಿ ಕಡ್ಡಾಯ. ಮಿರ್ಚಿ ಬಂಡಿಗೆ ನೇರವಾಗಿ ತಟ್ಟುವ ನಿಯಮಗಳು ಎರಡು. ಕರಿಯುವ ಎಣ್ಣೆ ಮರಳಿ ಮರಳಿ ಕಾದಾಗ ಅದರಲ್ಲಿ ಧ್ರುವೀಯ ಸಂಯುಕ್ತಗಳು ಹೆಚ್ಚುತ್ತವೆ, ಅವು ಶೇ. 25 ಮೀರಿದ ಎಣ್ಣೆಯನ್ನು ಬಳಸಬಾರದೆಂಬ ಮಿತಿ 2018ರ ಜುಲೈ 1ರಿಂದ ಜಾರಿಯಲ್ಲಿದೆ. ಬಂಡಿಯಲ್ಲಿ ಅಳೆಯುವ ಉಪಕರಣವಿಲ್ಲ. ಎಣ್ಣೆ ಕಪ್ಪಾಗಿ ಮಂದವಾಗುವುದು, ಬಾಣಲೆಯ ಮೇಲೆ ನೊರೆ ನಿಲ್ಲುವುದು, ಬೇಗ ಹೊಗೆಯಾಡುವುದು ಕಣ್ಣಿಗೆ ಕಾಣುವ ಗುರುತುಗಳು. ಎರಡನೆಯದು ಸುದ್ದಿ ಪತ್ರಿಕೆಯ ಹಾಳೆ. ಮುದ್ರಣದ ಶಾಯಿ ಬಿಸಿ ಎಣ್ಣೆಗೆ ಸುಲಭವಾಗಿ ಬಿಡುವುದರಿಂದ ಆಹಾರ ಕಟ್ಟಲು, ಎಣ್ಣೆ ಹೀರಿಸಲು ಅದನ್ನು ಬಳಸುವುದನ್ನು 2018ರ ಪ್ಯಾಕೇಜಿಂಗ್ ನಿಯಮಾವಳಿ ನಿಷೇಧಿಸಿದೆ. ಮಿರ್ಚಿಯನ್ನು ಪೇಪರಿನಲ್ಲಿ ಕಟ್ಟಿಕೊಡುವುದು ಮಾತ್ರ ಅನೇಕ ಕಡೆ ಇನ್ನೂ ನಿಂತಿಲ್ಲ.

2024ರ ಮಾರ್ಚ್ 11ರಂದು ಕರ್ನಾಟಕ ಸರ್ಕಾರ ಗೋಬಿ ಮಂಚೂರಿ ಮತ್ತು ಬೊಂಬಾಯಿ ಮಿಠಾಯಿಗಳಲ್ಲಿ ಕೃತಕ ಬಣ್ಣ ಬಳಸುವುದನ್ನು ನಿಷೇಧಿಸಿತು. ಜೂನ್‌ನಲ್ಲಿ ಕಬಾಬಿಗೂ ಅದನ್ನು ವಿಸ್ತರಿಸಿತು. ಪರೀಕ್ಷಿಸಿದ ಮಾದರಿಗಳಲ್ಲಿ ಬಟ್ಟೆಗೆ ಹಾಕುವ ರೋಡಮೈನ್–ಬಿ ಬಣ್ಣ ಸಿಕ್ಕಿದ್ದು ಮಾರ್ಚಿನ ಆದೇಶಕ್ಕೆ ಒಂದು ಕಾರಣ. ಆ ಬಣ್ಣಕ್ಕೆ ದೇಶದ ಯಾವ ಭಾಗದಲ್ಲೂ ಆಹಾರದಲ್ಲಿ ಅನುಮತಿಯಿಲ್ಲ. ಅರಿಸಿನದಿಂದಲೇ ಹಳದಿಯಾಗುವ ಒಗ್ಗರಣೆಗೂ ಕಡಲೆಹಿಟ್ಟಿನ ಸ್ವಂತ ಬಣ್ಣದ ಮಿರ್ಚಿಗೂ ಈ ಆದೇಶದಿಂದ ಏನೂ ಆಗಬೇಕಾಗಿರಲಿಲ್ಲ.

ಇಂದಿನ ಸ್ಥಿತಿ

ಅಡುಗೆ ಎಣ್ಣೆ, ಗ್ಯಾಸ್, ಈರುಳ್ಳಿ ಈ ಮೂರರ ಬೆಲೆಯ ಏರಿಳಿತ ಬಂಡಿಯ ದಿನದ ಗಳಿಕೆಯನ್ನು ತೀರ್ಮಾನಿಸುತ್ತದೆ. ಬೆಲೆ ಏರಿದಾಗ ಪ್ಲೇಟಿನ ದರ ಹೆಚ್ಚಿಸಲು ಮಾರುವವರು ಹಿಂಜರಿಯುತ್ತಾರೆ. ಮಿರ್ಚಿ ಸಣ್ಣದಾಗುತ್ತದೆ, ಒಗ್ಗರಣೆಯಲ್ಲಿ ಈರುಳ್ಳಿ ತೆಳುವಾಗುತ್ತದೆ. ಶೇಂಗಾ ಎಣ್ಣೆ ದುಬಾರಿಯಾದ ಮೇಲೆ ಅನೇಕರು ತಾಳೆ ಎಣ್ಣೆಗೆ ಹೊರಳಿದ್ದಾರೆ. ಶೇಂಗಾದ ಸೀಮೆಯಲ್ಲೇ ಶೇಂಗಾ ಎಣ್ಣೆಯ ಮಿರ್ಚಿ ಹುಡುಕಬೇಕಾಗಿ ಬಂದಿರುವುದು ಈ ತಿನಿಸಿನ ರುಚಿಯಲ್ಲಿ ಆಗಿರುವ ಅತಿ ದೊಡ್ಡ ಬದಲಾವಣೆ.

ಪಾವತಿಯ ರೀತಿಯೂ ಬದಲಾಗಿದೆ. 2016ರಲ್ಲಿ ಆರಂಭವಾದ ಯುಪಿಐ ಈಗ ಬಂಡಿಯ ಕಂಬಕ್ಕೆ ಅಂಟಿಸಿದ ಕ್ಯೂಆರ್ ಹಾಳೆಯಾಗಿ ಬಂದಿದೆ. ಎಷ್ಟು ತಿಂದರೆಂದು ಬಾಯಲ್ಲೇ ಹೇಳುವ ಲೆಕ್ಕದ ಕೊನೆಗೆ, ದುಡ್ಡು ಬಂತೆಂದು ಸಾರುವ ಪುಟ್ಟ ಪೆಟ್ಟಿಗೆಯ ದನಿ ಸೇರಿಕೊಂಡಿದೆ. ಬೆಂಗಳೂರು, ಹೈದರಾಬಾದುಗಳಿಗೆ ಕೆಲಸಕ್ಕೆ ಹೋದ ಈ ಸೀಮೆಯವರ ಬೆನ್ನಿಗೇ ಒಗ್ಗರಣೆ–ಮಿರ್ಚಿಯೂ ಹೋಗಿದೆ. ಬೆಂಗಳೂರಿನಲ್ಲಿ ‘ಉತ್ತರ ಕರ್ನಾಟಕ’ ಎಂಬ ಫಲಕದಡಿ, ಹೈದರಾಬಾದಿನಲ್ಲಿ ‘ರಾಯಲಸೀಮ ರುಚುಲು’ ಎಂಬ ಫಲಕದಡಿ ಅದು ಮಾರಾಟವಾಗುತ್ತದೆ. ಹಿರೇಹಾಳಿನ ಹೆದ್ದಾರಿಯಲ್ಲಿ ಬೆಳಗ್ಗೆ ಮಂಡಾಳು ನೀರಿಗೆ ಬೀಳುವುದು, ಸಂಜೆ ಬಾಣಲೆ ಒಲೆಗೇರುವುದು ಎಂದಿನಂತೆಯೇ ನಡೆದಿದೆ.